ಒಂದು ಸರ್ಕಾರಿ ಕಾಗದವನ್ನು ಓದುವ ಬಗೆ

ನಮ್ಮ ವಿಮರ್ಶಕರು ಪದ್ಯ ಓದುತ್ತಾರೆ, ಕಾದಂಬರಿ ಓದುತ್ತಾರೆ. ಒಂದು ಪ್ರತಿಮೆ ಸಿಕ್ಕರೆ ಸಾಕು, ಅದರ ಸುತ್ತ ಹತ್ತು ಪುಟ ಬರೆಯುತ್ತಾರೆ. ಆದರೆ ಬಡವನ ಕೈಗೆ ಬರುವ ಬರವಣಿಗೆ ಯಾವುದು? ನೋಟೀಸು, ಸಾಲದ ಪತ್ರ, ಟಿ.ಸಿ., ಕೆಲಸದಿಂದ ತೆಗೆದುಹಾಕಿದ ಆರ್ಡರು. ಅವನ ಬದುಕನ್ನು ಮಹಾಕಾವ್ಯಗಳಿಗಿಂತ ಹೆಚ್ಚಾಗಿ ಆಳಿರುವುದು ಇಂಥ ಕಾಗದಗಳೇ. ಇವನ್ನು ಯಾರು ವಿಮರ್ಶೆ ಮಾಡಬೇಕು? ನಾವೇ ಮಾಡಬೇಕು. ಅದಕ್ಕೇ ಈ ಸಲ ಅಮೆರಿಕದ ಕಪ್ಪು ಸೈನಿಕರ ಕೈಗೆ ಬಂದ ಒಂದು ಕಾಗದವನ್ನೂ, ಅದನ್ನು ತಿದ್ದಿಕೊಡಿ ಎಂದು ಅವರು ಕೇಳಿದ ಬಗೆಯನ್ನೂ ಓದಲು ಹೊರಟಿದ್ದೇವೆ.

1906ರ ಜುಲೈ ಕೊನೆಗೆ ಅಮೆರಿಕದ ಸೈನ್ಯದ 25ನೇ ಪದಾತಿ ದಳದ ಕಪ್ಪು ಸೈನಿಕರು ಟೆಕ್ಸಾಸ್‌ನ ಬ್ರೌನ್ಸ್‌ವಿಲ್ ಊರಿನ ಕೋಟೆಗೆ ಬಂದರು. ಊರಿನ ಬಿಳಿಯರಿಗೆ ಅವರು ಬಂದದ್ದೇ ಬೇಡವಾಗಿತ್ತು. ಆಗಸ್ಟ್ 13ರ ನಡುರಾತ್ರಿ ಊರಿನಲ್ಲಿ ಗುಂಡು ಹಾರಿದವು. ಹೆಂಡದಂಗಡಿಯ ಬಿಳಿಯ ಕೆಲಸಗಾರನೊಬ್ಬ ಸತ್ತ. ಒಬ್ಬ ಪೊಲೀಸಿನವನು ಕೈ ಕಳೆದುಕೊಂಡ. ಸೈನಿಕರೇ ಹೊಡೆದದ್ದು ಎಂದಿತು ಊರು. ಸೈನಿಕರೆಲ್ಲ ಕೋಟೆಯೊಳಗೇ ಇದ್ದರು ಎಂದರು ಅವರ ಬಿಳಿಯ ಅಧಿಕಾರಿಗಳು. ಬೀದಿಯಲ್ಲಿ ಸಿಕ್ಕ ಖಾಲಿ ತೋಟಾಗಳೇ ಸಾಕ್ಷಿಯಾದವು. ಟೆಕ್ಸಾಸ್‌ನ ಗ್ರ್ಯಾಂಡ್ ಜ್ಯೂರಿ ಕೂಡ ಒಬ್ಬನ ಮೇಲೂ ಆರೋಪ ಹೊರಿಸಲಿಲ್ಲ.

ಆಗ ಹುಟ್ಟಿಕೊಂಡದ್ದು ಒಂದು ಹೊಸ ಅಪರಾಧ: ಬಾಯಿ ಬಿಡದಿರುವುದು. ತಪ್ಪು ಮಾಡಿದವನ ಹೆಸರು ಹೇಳ್ರಿ ಅಂದರು. ನಮಗೆ ಗೊತ್ತಿಲ್ಲ ಅಂದರು ಸೈನಿಕರು. ಗೊತ್ತಿದ್ದೂ ಮುಚ್ಚಿಡುತ್ತಿದ್ದಾರೆ, ಇದು ಒಳಸಂಚು ಎಂದಿತು ವರದಿ. ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ನವೆಂಬರ್ 5ರ ತಾರೀಕಿನ ಆಜ್ಞೆಯಲ್ಲಿ 167 ಸೈನಿಕರನ್ನು ಒಟ್ಟಿಗೆ ಹೊರಹಾಕಿದ. ಚುನಾವಣೆಯಲ್ಲಿ ಕಪ್ಪು ಜನರ ಓಟು ಪೆಟ್ಟಿಗೆಗೆ ಬಿದ್ದ ಮೇಲೆಯೇ ಆಜ್ಞೆ ಹೊರಬಂದದ್ದು. ಅವರು ಮತ್ತೆ ಸೈನ್ಯ ಸೇರುವಂತಿಲ್ಲ, ಸರ್ಕಾರದ ಬೇರೆ ನೌಕರಿಗೂ ಸೇರುವಂತಿಲ್ಲ.

ಇದನ್ನು ಓದುವಾಗ ನಮಗೆ ನಮ್ಮ ಊರುಗಳು ನೆನಪಾಗದೆ ಇರುವುದಿಲ್ಲ. ಹೊಲದಲ್ಲಿ ಏನೋ ಕಳುವಾದರೆ ಕೇರಿಯವರನ್ನೆಲ್ಲ ಚಾವಡಿಯ ಮುಂದೆ ನಿಲ್ಲಿಸುವುದು. ಹೆಸರು ಹೇಳದಿದ್ದರೆ ಇಡೀ ಕೇರಿಗೆ ನೀರು, ಕೂಲಿ, ಅಂಗಡಿ ಬಂದ್ ಮಾಡುವುದು. ಮೇಲಿನವನು ತಪ್ಪು ಮಾಡಿದರೆ ಅದು ಅವನೊಬ್ಬನ ತಪ್ಪು. ಕೆಳಗಿನವನ ತಪ್ಪು ಮಾತ್ರ ಕುಲದ ತಪ್ಪು. ಈ ಲೆಕ್ಕ ಟೆಕ್ಸಾಸಿಗೂ ಗೊತ್ತಿತ್ತು.

ಈಗ ಕಾಗದಕ್ಕೆ ಬರೋಣ. ಅದರಲ್ಲಿದ್ದ ಮಾತು ‘ಗೌರವವಿಲ್ಲದೆ ಬಿಡುಗಡೆ’. ಗಮನಿಸಿ, ‘ಅಗೌರವದಿಂದ ಬಿಡುಗಡೆ’ ಎಂದಿರಲಿಲ್ಲ. ಏನು ಸ್ವಾಮಿ, ಎರಡೂ ಒಂದೇ ತಾನೆ ಅನ್ನಬೇಡಿ. ‘ಅಗೌರವದ’ ಬಿಡುಗಡೆ ಕೊಡಬೇಕಾದರೆ ಸೈನಿಕ ನ್ಯಾಯಾಲಯ ಕೂರಬೇಕು. ಆರೋಪ ಓದಬೇಕು, ಸಾಕ್ಷಿ ಕರೆಯಬೇಕು, ಆರೋಪಿಯೂ ಮಾತಾಡಬಹುದು. ‘ಗೌರವವಿಲ್ಲದ’ ಬಿಡುಗಡೆಗೆ ಇದು ಯಾವುದೂ ಬೇಡ, ಒಂದು ಆಡಳಿತದ ಆಜ್ಞೆ ಸಾಕು. ಇದು ಶಿಕ್ಷೆಯೇ ಅಲ್ಲ, ಬರೀ ಕೆಲಸದಿಂದ ಬಿಡಿಸಿದ್ದು ಎಂಬುದೇ ಸರ್ಕಾರದ ವಾದ. ವ್ಯಾಕರಣದ ಒಂದು ಪ್ರತ್ಯಯ ಬದಲಾದದ್ದರಿಂದ 167 ಜನರ ವಿಚಾರಣೆಯ ಹಕ್ಕು ಮಾಯವಾಯಿತು. ಭಾಷೆಯ ಸೂಕ್ಷ್ಮತೆ ಕವಿಗಳಿಗಷ್ಟೇ ಗೊತ್ತು ಎಂದು ನಂಬಿರುವ ಮಿತ್ರರು ಇದನ್ನು ಮತ್ತೊಮ್ಮೆ ಓದಬೇಕು.

ಹೊರಗೆ ಬಿದ್ದವರಲ್ಲಿ ಮಿಂಗೊ ಸ್ಯಾಂಡರ್ಸ್ ಒಬ್ಬ. ಇಪ್ಪತ್ತೈದು ವರ್ಷಕ್ಕೂ ಮೇಲ್ಪಟ್ಟ ಸೇವೆ, ಕ್ಯೂಬಾ ಮತ್ತು ಫಿಲಿಪೈನ್ಸ್‌ನ ಯುದ್ಧ ಕಂಡವನು. ಪಿಂಚಣಿ ಇನ್ನೇನು ಕೈಗೆ ಬರುವುದರಲ್ಲಿತ್ತು. ಮತ್ತೆ ಸೇರಿಸಿಕೊಳ್ಳಿ ಎಂದು ಅರ್ಜಿ ಹಾಕಿದ, ಆಗಲಿಲ್ಲ. ಅಧ್ಯಕ್ಷನ ಪಕ್ಷದವನೇ ಆದ ಸೆನೆಟರ್ ಜೋಸೆಫ್ ಫೊರೇಕರ್ ಸೈನಿಕರ ಪರ ನಿಂತ. ಸೆನೆಟ್ ಸಮಿತಿ ತಿಂಗಳುಗಟ್ಟಲೆ ವಿಚಾರಿಸಿತು, ಬಹುಮತ ಅಧ್ಯಕ್ಷನ ಕಡೆಗೇ ಬಂತು. ಆಮೇಲೆ ಕೂತ ಸೈನಿಕ ವಿಚಾರಣಾ ಮಂಡಳಿ 1910ರಲ್ಲಿ 14 ಜನ ಮತ್ತೆ ಸೇರಬಹುದು ಎಂದಿತು. ಆ 14 ಜನ ಯಾಕೆ, ಉಳಿದವರು ಯಾಕಿಲ್ಲ? ಕಾರಣ ಕೊಡಲಿಲ್ಲ. ಧಣಿ ಕೊಡುವಾಗಲೂ ಕಾರಣ ಹೇಳುವುದಿಲ್ಲ.

1970ರಲ್ಲಿ ಜಾನ್ ಡಿ. ವೀವರ್ ಎಂಬ ಬಿಳಿಯ ಲೇಖಕ ‘ದಿ ಬ್ರೌನ್ಸ್‌ವಿಲ್ ರೇಡ್’ ಎಂಬ ಪುಸ್ತಕ ಬರೆದ. ಸರ್ಕಾರದ ದಾಖಲೆಗಳನ್ನೇ ಮುಂದಿಟ್ಟುಕೊಂಡು, ಸೈನಿಕರು ನಿರಪರಾಧಿಗಳು ಎಂದು ವಾದಿಸಿದ. ಪುಸ್ತಕಗಳಿಂದ ಏನಾಗುತ್ತದೆ ಎಂದು ಸಿನಿಕತನ ಮಾಡುವವರಿಗೆ ಇದು ಉತ್ತರ. ಇದರ ಬೆನ್ನಲ್ಲೇ ಕಪ್ಪು ಸಂಸದ ಆಗಸ್ಟಸ್ ಹಾಕಿನ್ಸ್ ಮಸೂದೆ ತಂದ. 1972ರ ಸೆಪ್ಟೆಂಬರ್ 28ರಂದು ಸೈನ್ಯ ಆ ಬಿಡುಗಡೆಗಳನ್ನು ‘ಗೌರವದ’ ಬಿಡುಗಡೆ ಎಂದು ತಿದ್ದಿತು. ಈ ಪುಸ್ತಕಕ್ಕೆ ನಾವು ಋಣಿಗಳು.

ಆದರೂ ಒಂದು ತಕರಾರು ಇದೆ. ವೀವರ್ ಪತ್ತೇದಾರನಂತೆ ಬರೆಯುತ್ತಾನೆ. ಗುಂಡು ಹೊಡೆದವರು ಇವರಲ್ಲ ಎಂಬುದು ಸಾಬೀತಾಗಬೇಕು, ಆಗ ಗೌರವ ವಾಪಸು ಬರಬೇಕು ಎಂಬ ದಾರಿ ಅವನದು. ಒಂದು ವೇಳೆ ಸಾಬೀತಾಗದೆ ಹೋಗಿದ್ದರೆ? ಅವರಲ್ಲಿ ಹತ್ತು ಜನ ನಿಜವಾಗಿಯೂ ಹೊಡೆದಿದ್ದರೆ? ಆಗ ಉಳಿದ 157 ಜನರ ಶಿಕ್ಷೆ ಸರಿಯಾಗಿಬಿಡುತ್ತಿತ್ತೆ? ವಿಚಾರಣೆಯಿಲ್ಲದೆ ಒಂದು ಜನಾಂಗವನ್ನು ಒಟ್ಟಿಗೆ ದಂಡಿಸಿದ್ದೇ ಅನ್ಯಾಯ. ಅದು ಅನ್ಯಾಯವಾಗಲು ಎಲ್ಲರೂ ಪರಿಶುದ್ಧರಾಗಿರಬೇಕಿಲ್ಲ. ದಲಿತನ ಮೇಲೆ ದೌರ್ಜನ್ಯವಾದಾಗಲೆಲ್ಲ ಅವನ ನಡತೆ ಹೇಗಿತ್ತು ಎಂದು ಮೊದಲು ಕೇಳುವ ನಮ್ಮ ಸಂಭಾವಿತರಿಗೂ ಇದೇ ಮಾತು ಹೇಳಬೇಕಾಗಿದೆ.

ತಿದ್ದಿದ ಕಾಗದ ಕೈಗೆ ತಗೊಳ್ಳಲು ಯಾರು ಉಳಿದಿದ್ದರು? ಹೆಚ್ಚುಕಡಿಮೆ ಎಲ್ಲರೂ ಮಣ್ಣಾಗಿದ್ದರು. ಮಿನಿಯಾಪೊಲಿಸ್‌ನ ಡಾರ್ಸಿ ವಿಲಿಸ್ ಬದುಕಿದ್ದ. ಸೈನ್ಯದಿಂದ ಹೊರಬಿದ್ದ ಅವನು ಕ್ಷೌರದಂಗಡಿಯಲ್ಲಿ ಬೂಟು ಉಜ್ಜುತ್ತ, ಕಸ ಗುಡಿಸುತ್ತ 59 ವರ್ಷ ಕಳೆದಿದ್ದ. 1973ರಲ್ಲಿ, ತನ್ನ 87ನೇ ಹುಟ್ಟುಹಬ್ಬದ ದಿನ, ಅವನಿಗೆ ಗೌರವದ ಕಾಗದ ಸಿಕ್ಕಿತು. 1972ರ ಆಜ್ಞೆಯಲ್ಲಿ ಹಿಂಬಾಕಿ ಸಂಬಳದ ಮಾತಿರಲಿಲ್ಲ. ಆಮೇಲೆ ಕಾಂಗ್ರೆಸ್ಸು 25,000 ಡಾಲರ್ ಕೊಟ್ಟಿತು. ಕಳೆದ ವರ್ಷಗಳಿಗೆ ಭಾಗಿಸಿದರೆ ವರ್ಷಕ್ಕೆ 400 ಡಾಲರೂ ಬೀಳುವುದಿಲ್ಲ. 1977ರಲ್ಲಿ ವಿಲಿಸ್ ತೀರಿಕೊಂಡ.

ಇದು ಒಂದು ಊರಿನ ಕತೆಯಾಗಿ ಮುಗಿಯುವುದಿಲ್ಲ. ಎರಡನೇ ಮಹಾಯುದ್ಧದಲ್ಲಿ ‘ನೀಲಿ ಬಿಡುಗಡೆ’ ಎಂಬ ಕಾಗದವಿತ್ತು. ನೀಲಿ ಹಾಳೆಯಲ್ಲಿ ಅಚ್ಚಾಗಿದ್ದರಿಂದ ಆ ಹೆಸರು. ಗೌರವವೂ ಅಲ್ಲ, ಅಗೌರವವೂ ಅಲ್ಲ, ಮತ್ತೆ ಅದೇ ನಡುವಿನ ಜಾಗ. 1941ರ ಡಿಸೆಂಬರ್‌ನಿಂದ 1945ರ ಜೂನ್‌ವರೆಗೆ ಸೈನ್ಯ ಕೊಟ್ಟ 48,603 ನೀಲಿ ಕಾಗದಗಳಲ್ಲಿ 10,806 ಕಪ್ಪು ಸೈನಿಕರ ಪಾಲಿಗೆ ಬಂದವು. ಸೈನ್ಯದಲ್ಲಿ ಅವರಿದ್ದದ್ದು ನೂರಕ್ಕೆ ಆರೂವರೆ. ನೀಲಿ ಕಾಗದದಲ್ಲಿ ನೂರಕ್ಕೆ ಇಪ್ಪತ್ತೆರಡು. ಓದಿಗೆ, ಮನೆಗೆ ಸಿಗಬೇಕಾದ ಯುದ್ಧಾನಂತರದ ಸವಲತ್ತು ಇದರಿಂದ ತಪ್ಪಿಹೋಗುತ್ತಿತ್ತು.

ಬಿಡುಗಡೆಯ ದರ್ಜೆ ಏರಿಸಿ ಎಂದು ಕೇಳಲು 1944ರ ಕಾನೂನು ಪರಿಶೀಲನಾ ಮಂಡಳಿಗಳನ್ನು ಮಾಡಿತು. ಇವತ್ತೂ ಅವು ಇವೆ. 15 ವರ್ಷದೊಳಗೆ ನಿಗದಿತ ಫಾರಂ ತುಂಬಿ ಕಳಿಸಬೇಕು. ಆದರೆ ಮಂಡಳಿ ಎಲ್ಲಿಂದ ಶುರುಮಾಡುತ್ತದೆ? ಸರ್ಕಾರ ಮಾಡಿದ್ದು ಕ್ರಮಬದ್ಧವಾಗಿಯೇ ಇರುತ್ತದೆ ಎಂದು ಮೊದಲು ಒಪ್ಪಿಕೊಂಡು. ಅಲ್ಲ ಎಂದು ತೋರಿಸುವ ಹೊರೆ ಅರ್ಜಿದಾರನ ತಲೆ ಮೇಲೆ. 1917ರ ಹ್ಯೂಸ್ಟನ್ ಪ್ರಕರಣದಲ್ಲಿ ಶಿಕ್ಷೆಗೊಳಗಾದ 110 ಕಪ್ಪು ಸೈನಿಕರ ತೀರ್ಪನ್ನು ಸೈನ್ಯ 2023ರಲ್ಲಿ ರದ್ದು ಮಾಡಿತು. ಅವರಲ್ಲಿ 19 ಜನರನ್ನು ಆಗಲೇ ನೇಣು ಹಾಕಿದ್ದರು. ದಾಖಲೆಯ ದರ್ಜೆ ಏರಬಹುದು. ಕೊರಳಿಗೆ ಬಿದ್ದ ಹಗ್ಗ?

ನಮ್ಮಲ್ಲೂ ಇಂಥ ಅರ್ಜಿಯ ಚರಿತ್ರೆ ಇದೆ. ಬ್ರಿಟಿಷರ ಸೈನ್ಯದಲ್ಲಿ ತಲೆಮಾರುಗಳಿಂದ ದುಡಿದ ಮಹಾರರ ಭರ್ತಿ 1890ರ ದಶಕದಲ್ಲಿ ನಿಂತುಹೋಯಿತು. ನಿವೃತ್ತ ಸೈನಿಕ ಗೋಪಾಲ ಬಾಬಾ ವಲಂಗಕರ್ 1894ರಲ್ಲಿ ಮನವಿಯೊಂದನ್ನು ಸಿದ್ಧಪಡಿಸಿದರು. ನಾವೂ ಮೂಲದಲ್ಲಿ ಕ್ಷತ್ರಿಯರೇ ಎಂಬ ವಾದ ಅದರಲ್ಲಿತ್ತು. ಆ ಹಿರಿಯರನ್ನು ನಾವು ಹಗುರ ಮಾಡುತ್ತಿಲ್ಲ. ಅವರು ಬಾಗಿಲು ತಟ್ಟಿದ್ದರಿಂದಲೇ ಮುಂದಿನವರಿಗೆ ಬಾಗಿಲು ಒದೆಯುವ ಧೈರ್ಯ ಬಂತು. ಆದರೆ ಅರ್ಜಿಯ ಸ್ವಭಾವ ನೋಡಿ. ಧಣಿಯ ಅಳತೆಗೋಲಿನಲ್ಲೇ ನಾವು ಉದ್ದ ಇದ್ದೇವೆ ಎಂದು ತೋರಿಸಬೇಕು. ಆ ಕೋಲನ್ನೇ ಮುರಿದು ಮಾತಾಡಲು ಅಂಬೇಡ್ಕರ್ ಬರಬೇಕಾಯಿತು.

ಹಾಗಾದರೆ ಅರ್ಜಿ ಬರೆಯಬಾರದೆ? ಬರೆಯಲೇಬೇಕು. ಕಾಗದದ ಹಿಂದೆ ಅನ್ನ ಇದೆ, ಪಿಂಚಣಿ ಇದೆ, ಮಕ್ಕಳ ಓದು ಇದೆ. ಹೊಟ್ಟೆ ತುಂಬಿದವರು ಮಾತ್ರ ಕಾಗದವನ್ನು ಹರಿದುಹಾಕಿ ಎನ್ನಬಲ್ಲರು. ನಮ್ಮ ಓದುಗರಲ್ಲಿ ಬಹಳ ಮಂದಿ ಹಳ್ಳಿಯ ಮೇಷ್ಟ್ರುಗಳು. ಸಂಜೆ ಹೊತ್ತು ಯಾರೋ ಬಂದು, ‘ಸಾ, ಒಂದು ಅರ್ಜಿ ಬರ್ಕೊಡಿ’ ಎಂದು ಜಗುಲಿಯ ಕೆಳಗೆ ನಿಲ್ಲುತ್ತಾರೆ. ಅವರನ್ನು ಮೊದಲು ಮೇಲೆ ಕೂರಿಸಿ. ಆಮೇಲೆ ‘ತಮ್ಮಲ್ಲಿ ಸವಿನಯ ಪ್ರಾರ್ಥನೆ’ ಎಂದು ಶುರುಮಾಡುವ ನಿಮ್ಮ ಕೈಯನ್ನು ಒಂದು ಕ್ಷಣ ತಡೆಯಿರಿ. ಮೊದಲ ಸಾಲಿನಲ್ಲಿ ಆದ ಅನ್ಯಾಯವನ್ನು ಬರೆಯಿರಿ: ಯಾವ ದಿನ, ಯಾರ ಸಹಿ, ಏನು ಕಿತ್ತುಕೊಂಡರು. ಕೇಳುವ ಮಾತು ಅದರ ಕೆಳಗೆ ಬರಲಿ.

ಡಾರ್ಸಿ ವಿಲಿಸ್ 1906ರಲ್ಲಿ ಕೋಟೆಯ ಬಾಗಿಲು ದಾಟುವಾಗ ಎಷ್ಟು ಗೌರವವುಳ್ಳವನೋ 1973ರಲ್ಲೂ ಅಷ್ಟೇ ಗೌರವವುಳ್ಳವನು. ನಡುವಿನ 67 ವರ್ಷ ಗೌರವವಿಲ್ಲದೆ ಇದ್ದದ್ದು ಸರ್ಕಾರ.