ರಂಗಮಂದಿರ ಯಾರದು?

ನಮ್ಮ ನಾಟಕ ಚರಿತ್ರೆಗಳಲ್ಲಿ ಒಂದು ಕೊರತೆ ಎದ್ದು ಕಾಣುತ್ತದೆ. ಅಲ್ಲಿ ಕವಿಯ ಹೆಸರಿದೆ, ನಟನ ಹೆಸರಿದೆ. ನಾಟಕ ನಡೆದ ಮನೆ ಎಂತಹುದು, ಅಲ್ಲಿ ಕುಳಿತವರು ಯಾರು ಎಂಬ ವಿಚಾರಕ್ಕೆ ದೊರೆಯುವ ಸ್ಥಳ ಅತ್ಯಲ್ಪ. ವಾಚಕರೇ, ಕಟ್ಟಡವು ಕಲೆಯ ಹೊರಕವಚ ಮಾತ್ರವಲ್ಲ. ಕಲೆ ಯಾರ ಸೊತ್ತೆಂಬುದನ್ನು ಎಷ್ಟೋ ವೇಳೆ ಅದರ ಬಾಗಿಲೇ ನಿರ್ಣಯಿಸುತ್ತದೆ.

1880ರ ದಶಕವನ್ನೇ ನೋಡಿರಿ. ಮೈಸೂರಿನಲ್ಲಿ ಹತ್ತನೆಯ ಚಾಮರಾಜೇಂದ್ರ ಒಡೆಯರ ಆಶ್ರಯದಲ್ಲಿ ಅರಮನೆಯ ನಾಟಕಮಂಡಳಿ ಬೆಳೆಯಿತು. 'ಅಭಿನವ ಕಾಳಿದಾಸ'ರೆನಿಸಿದ ಬಸವಪ್ಪಶಾಸ್ತ್ರಿಗಳು ಶಾಕುಂತಲವನ್ನು ಕನ್ನಡಕ್ಕೆ ತಂದರು. ಆ ಉಪಕಾರ ದೊಡ್ಡದು. ಆದರೂ ಅರಮನೆಯ ರಂಗ ಮೊದಲಿಗೆ ಆಸ್ಥಾನದ ರಂಗ. ಅದೇ ದಶಕದಲ್ಲಿ, 1884ರಲ್ಲಿ, ಗುಬ್ಬಿಯಲ್ಲಿ ಶ್ರೀ ಚನ್ನಬಸವೇಶ್ವರರ ಹೆಸರಿನ ನಾಟಕ ಸಂಘ ಹುಟ್ಟಿತು. ಮುಂದೆ ಗುಬ್ಬಿ ವೀರಣ್ಣನವರು ಅದನ್ನು ನಾಡಿನಾದ್ಯಂತ ಕೊಂಡೊಯ್ದರು. ಕಂಬ ನೆಟ್ಟು ತಗಡು ಹೊದಿಸಿದರೆ ಅದೇ ರಂಗಮಂದಿರ. ಕ್ಯಾಂಪು ಮುಗಿದರೆ ಅದು ಗಾಡಿಯೇರಿ ಮುಂದಿನ ಊರಿಗೆ ಹೊರಡುತ್ತಿತ್ತು. ಜನರು ರಂಗಮಂದಿರವನ್ನು ಅರಸಿ ಹೋಗಬೇಕಿರಲಿಲ್ಲ. ಅದೇ ಜನರ ಬಳಿಗೆ ಬರುತ್ತಿತ್ತು.

ಆ ತಗಡಿನ ಮನೆಯಲ್ಲಿಯೂ ಅಂತಸ್ತುಗಳಿದ್ದವು. ಮುಂದೆ ಕುರ್ಚಿ, ಆಮೇಲೆ ಬೆಂಚು, ಉಳಿದವರಿಗೆ ನೆಲ. ಹಣವು ಜನರನ್ನು ವಿಂಗಡಿಸಿತೆಂಬುದನ್ನು ಮುಚ್ಚಿಡಲಾಗದು. ಆದರೆ 'ಒನ್ಸ್ ಮೋರ್' ಎಂದು ಕೂಗಿ ಹಾಡನ್ನು ಮತ್ತೆ ಹಾಡಿಸುವ ಅಧಿಕಾರ ನೆಲದವರಿಗೂ ಇತ್ತು. ಹಾಡಿನ ಅತಿರೇಕಕ್ಕೂ, 1934ರ 'ಕುರುಕ್ಷೇತ್ರ'ದಲ್ಲಿ ಆನೆ ಕುದುರೆಗಳೇ ರಂಗವೇರಿದ ವೈಭವಕ್ಕೂ ಈ ಅಧಿಕಾರವೇ ಒಂದು ಕಾರಣ. ವಿಮರ್ಶಕರು ಅದನ್ನು ಅಭಿರುಚಿಯ ದೋಷವೆಂದರು. ದೋಷವಿರಬಹುದು, ಆದರೆ ಬಿ.ವಿ. ಕಾರಂತರು, ರಾಜಕುಮಾರರು ಪಳಗಿದ್ದು ಅದೇ ಗರಡಿಯಲ್ಲಿ ಎಂಬುದನ್ನು ಮರೆಯಬಾರದು.

ಈ ಪ್ರಶ್ನೆ ನಮ್ಮದೊಂದೇ ಅಲ್ಲ. ಹತ್ತೊಂಬತ್ತನೆಯ ಶತಮಾನದ ಅಮೆರಿಕದ ನಗರಗಳಲ್ಲಿಯೂ ಬಾಕ್ಸು, ಪಿಟ್ಟು, ಗ್ಯಾಲರಿಗಳೆಂದು ಪ್ರೇಕ್ಷಕರನ್ನು ವಿಂಗಡಿಸಿದ್ದರು. ಆದರೆ ಎಲ್ಲರೂ ಒಂದೇ ಸೂರಿನಡಿ ಷೇಕ್ಸ್‌ಪಿಯರನನ್ನು ಕಂಡು ಕೂಗಾಡುತ್ತಿದ್ದರು. 1847ರಲ್ಲಿ ನ್ಯೂಯಾರ್ಕಿನ ಸಿರಿವಂತರು ತಮಗಾಗಿ ಆಸ್ಟರ್ ಪ್ಲೇಸಿನಲ್ಲಿ ಒಂದು ರಂಗಮಂದಿರವನ್ನು ತೆರೆದರು. 1849ರ ಮೇ 10ರಂದು ಆಂಗ್ಲ ನಟ ಮ್ಯಾಕ್ರೆಡಿಯ ವಿರುದ್ಧ, ಅಮೆರಿಕದ ನಟ ಫಾರೆಸ್ಟನ ಅಭಿಮಾನಿಗಳು ಅದನ್ನು ಮುತ್ತಿದರು. ಸೈನಿಕರು ಗುಂಡು ಹಾರಿಸಿದರು. ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ನಟರ ಜಗಳ ನೆಪವಾಯಿತು. ಒಳಗಿದ್ದ ಕಿಚ್ಚು 'ರಂಗಮಂದಿರ ಯಾರದು?' ಎಂಬುದೇ.

ನಮ್ಮಲ್ಲಿ ರಕ್ತ ಹರಿಯಲಿಲ್ಲ. ಸಿನಿಮಾ ಬಂದು ಕಂಪನಿಗಳು ಸೊರಗಿದಾಗ ಹಳ್ಳಿಯವರು ರಂಗವನ್ನು ತಾವೇ ಕೈಗೆತ್ತಿಕೊಂಡರು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಸೀಮೆ ಕನ್ನಡ ತೆಲುಗುಗಳೆರಡನ್ನೂ ಆಡುವ ಸೀಮೆ. ಇಲ್ಲಿ ಸೀನರಿ ಬಾಡಿಗೆಗೆ ತಂದು, ಹಾರ್ಮೋನಿಯಂ ಮೇಷ್ಟರಿಂದ ತಿಂಗಳುಗಟ್ಟಲೆ ಕಲಿತು, ರೈತನೇ ದುರ್ಯೋಧನನಾಗುತ್ತಾನೆ. ಮುಂದೆ ಚಾಪೆ ಹಾಸಿ ಕುಳಿತವರು ಅವನ ನೆಂಟರಿಷ್ಟರು. ಅಲ್ಲಿ ಬಾಗಿಲೇ ಇಲ್ಲ.

ಸಾಣೇಹಳ್ಳಿಯ ಶ್ರೀಮಠ ಬಯಲು ರಂಗಮಂದಿರ ಕಟ್ಟಿದುದರ, 1997ರಿಂದ ಶಿವಸಂಚಾರವನ್ನು ಊರೂರಿಗೆ ಕಳುಹಿಸಿದುದರ ಮಹತ್ವ ಇಲ್ಲಿದೆ. ಕಾಲಾನುಕ್ರಮದ ಪಟ್ಟಿಯಲ್ಲಿ ಅದೊಂದು ಹೊಸ ಸಂಸ್ಥೆ ಮಾತ್ರ. ವಿಚಾರಿಸಿ ನೋಡಿದರೆ ಸಂಚಾರಿ ರಂಗದ ಹಳೆಯ ಋಣದ ಸಂದಾಯ.

ಆದುದರಿಂದ ವಾಚಕರೇ, ನಿಮ್ಮೂರಿನಲ್ಲಿ ಕಲಾಭವನ ಕಟ್ಟಬೇಕೆಂದು ಯಾರಾದರೂ ವಂತಿಗೆ ಕೇಳಿದರೆ ಧಾರಾಳವಾಗಿ ಕೊಡಿರಿ. ಕೊಡುವ ಮುನ್ನ ಒಂದು ಮಾತು ಕೇಳಿರಿ: ಹಳ್ಳಿಯ ಆ ದುರ್ಯೋಧನನು ತೆರಬಲ್ಲಷ್ಟು ಬಾಡಿಗೆಗೆ ಅದರ ಬಾಗಿಲು ತೆರೆಯುವುದೇ?