ಫರಕ್ಕಾದಲ್ಲಿ ಬರೆದದ್ದು, ಗೊರೂರಿನಲ್ಲಿ ಬರೆಯದೆ ಬಿಟ್ಟದ್ದು

ಎಚ್.ಡಿ. ದೇವೇಗೌಡರ ಬಗ್ಗೆ ಬರೆಯುವವರು ಹೆಚ್ಚಾಗಿ ಹರದನಹಳ್ಳಿಯ ಗದ್ದೆಯಿಂದ ಶುರು ಮಾಡುತ್ತಾರೆ, ಇಲ್ಲವೇ ಮಕ್ಕಳು-ಮೊಮ್ಮಕ್ಕಳ ರಾಜಕಾರಣದಿಂದ. ಹೊಗಳುವವರಿಗೆ ಮಣ್ಣಿನ ಮಗ ಬೇಕು, ತೆಗಳುವವರಿಗೆ ಕುಟುಂಬದ ಯಜಮಾನ ಬೇಕು. ಈ ಎರಡರ ನಡುವೆ ಹಾಸನದ ಎಲ್.ವಿ. ಪಾಲಿಟೆಕ್ನಿಕ್‌ನಲ್ಲಿ ಸಿವಿಲ್ ಡಿಪ್ಲೊಮಾ ಮಾಡಿಕೊಂಡು, ಊರಿನಲ್ಲಿ ಸಣ್ಣಪುಟ್ಟ ಗುತ್ತಿಗೆ ಕೆಲಸ ಹಿಡಿದು, ಆಮೇಲೆ ವಿಧಾನಸಭೆಗೆ ಬಂದ ಇಂಜಿನಿಯರ್ ಕಾಣೆಯಾಗಿಬಿಡುತ್ತಾನೆ. ಅವರ ಅರವತ್ತು ವರ್ಷಗಳ ಸಾರ್ವಜನಿಕ ಬದುಕಿನ ಹೆಚ್ಚಿನ ಬಲವೂ ಒಂದು ದೊಡ್ಡ ಕೊರತೆಯೂ ಆ ಡಿಪ್ಲೊಮಾದ ಕಲಿಕೆಯಲ್ಲೇ ಇವೆ ಎಂಬುದು ನನ್ನ ಎಣಿಕೆ. ಅದನ್ನು ಬಿಟ್ಟು ಅವರನ್ನು ಅಳೆದರೆ ಅಳತೆ ತಪ್ಪುತ್ತದೆ.

ಇಂಜಿನಿಯರ್-ರಾಜಕಾರಣಿ ಎಂದ ಕೂಡಲೇ ನಮಗೆ ನೆನಪಾಗುವುದು ವಿಶ್ವೇಶ್ವರಯ್ಯನವರು. ಆದರೆ ಅವರು 1912ರಿಂದ 1918ರವರೆಗೆ ಮಹಾರಾಜರು ನೇಮಿಸಿದ ದಿವಾನರು. ಯಾರ ಮನೆ ಬಾಗಿಲಿಗೂ ಮತ ಕೇಳಲು ಹೋಗಬೇಕಾದವರಲ್ಲ. ದೇವೇಗೌಡರ ಇಂಜಿನಿಯರಿಂಗ್ ಬೇರೆ ಜಾತಿಯದು. ಸಿವಿಲ್ ಡಿಪ್ಲೊಮಾ ಎಂದರೆ ಆ ಕಾಲಕ್ಕೆ ಓವರ್‌ಸಿಯರ್ ದರ್ಜೆಯ ಓದು. ಡಂಪಿ ಲೆವೆಲ್ ಇಟ್ಟು ನಾಲೆಯ ಇಳಿಜಾರು ನೋಡುವುದು, ಮಣ್ಣು ಕೆಲಸದ ಗುಂಡಿ ಅಳೆದು ಅಳತೆ ಪುಸ್ತಕದಲ್ಲಿ (ಎಂ.ಬಿ.) ಬರೆಯುವುದು, ಎಸ್ಟಿಮೇಟಿಗೂ ಬಿಲ್ಲಿಗೂ ತಾಳೆ ನೋಡುವುದು. ಇಂಥ ಕಲಿಕೆಯವನಿಗೆ ಯೋಜನೆ ಎಂಬುದು ಭಾಷಣದ ಸಂಗತಿಯಲ್ಲ. ಎಷ್ಟು ಘನ ಅಡಿ ಮಣ್ಣು, ಎಷ್ಟು ಅಚ್ಚುಕಟ್ಟು, ಯಾವ ವರ್ಷದ ದರ ಎಂಬ ಲೆಕ್ಕ. ಇದರ ಜೊತೆಗೆ ಹೊಳೆನರಸೀಪುರದ ಆಂಜನೇಯ ಸಹಕಾರ ಸಂಘದ ಅಧ್ಯಕ್ಷಗಿರಿ, ತಾಲ್ಲೂಕು ಅಭಿವೃದ್ಧಿ ಮಂಡಳಿಯ ಸದಸ್ಯತ್ವ. ರಾಜಕಾರಣ ಅವರಿಗೆ ಮೇಲಿನಿಂದ ಇಳಿದು ಬಂದದ್ದಲ್ಲ.

1962ರಲ್ಲಿ ಕಾಂಗ್ರೆಸ್ ಟಿಕೆಟ್ ಸಿಗದಿದ್ದಾಗ ಪಕ್ಷೇತರರಾಗಿ ನಿಂತು ಗೆದ್ದರು. ಅಲ್ಲಿಂದ 1967, 1972, 1978, 1983, 1985. ಹೊಳೆನರಸೀಪುರ ಅವರನ್ನು 1989ರವರೆಗೆ ಬಿಡಲಿಲ್ಲ. ಎಪ್ಪತ್ತರ ದಶಕದಲ್ಲಿ ವಿರೋಧ ಪಕ್ಷದ ನಾಯಕರಾಗಿ ದೇವರಾಜ ಅರಸು ಅವರಂಥ ಮುಖ್ಯಮಂತ್ರಿಯ ಎದುರು ಕುಳಿತರು, ತುರ್ತುಪರಿಸ್ಥಿತಿಯಲ್ಲಿ ಬೆಂಗಳೂರಿನ ಸೆರೆಮನೆಯಲ್ಲಿದ್ದರು.

ಆ ದಶಕಗಳು ಕಾವೇರಿ ಕೊಳ್ಳದ ಮಟ್ಟಿಗೆ ಎಂಥವು ಎಂಬುದನ್ನು ಮರೆಯಬಾರದು. ಮೈಸೂರು-ಮದ್ರಾಸ್ ನಡುವಿನ 1924ರ ಕಾವೇರಿ ಒಪ್ಪಂದದ ಹಗ್ಗ ಇನ್ನೂ ಕುತ್ತಿಗೆಯಲ್ಲಿತ್ತು. ಕಬಿನಿ, ಹಾರಂಗಿ, ಹೇಮಾವತಿ ಯಾವುದಕ್ಕೂ ಯೋಜನಾ ಆಯೋಗದ ಒಪ್ಪಿಗೆ ಸಿಗಲಿಲ್ಲ. ರಾಜ್ಯ ಯೋಜನೇತರ ಹಣದಲ್ಲಿ, ತನ್ನದೇ ಬೊಕ್ಕಸದಿಂದ ಕಟ್ಟಬೇಕಾಯಿತು. ಅಂಥ ಹೊತ್ತಿನಲ್ಲಿ ಅಂದಾಜು ಪಟ್ಟಿ ಓದಬಲ್ಲ ಶಾಸಕನಿಗೆ ಇದ್ದ ಬೆಲೆಯೇ ಬೇರೆ. ಅಧಿಕಾರಿ ಹೇಳಿದ ಸಂಖ್ಯೆಯನ್ನು ಒಪ್ಪಿಕೊಳ್ಳುವ ಶಾಸಕ ಒಬ್ಬ, ಆ ಸಂಖ್ಯೆ ಎಲ್ಲಿಂದ ಬಂತೆಂದು ಕೇಳುವ ಶಾಸಕ ಇನ್ನೊಬ್ಬ. ದೇವೇಗೌಡರು ಎರಡನೆಯವರು. ಕಡತ, ತಾರೀಖು, ಟಿಎಂಸಿ ಎಲ್ಲವನ್ನೂ ಬಾಯಲ್ಲಿಟ್ಟುಕೊಂಡು ಸದನದಲ್ಲಿ ನಿಂತು ಗಂಟೆಗಟ್ಟಲೆ ಮಾತಾಡುವ ಅವರ ಪರಿ ಬೇಸರ ತರಿಸುತ್ತದೆ ಎಂದವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಮಾತುಗಾರಿಕೆಯನ್ನೇ ಶಾಸಕತ್ವ ಎಂದುಕೊಂಡ ನಾಡಿನಲ್ಲಿ ಲೆಕ್ಕ ಒಪ್ಪಿಸುವ ಶಾಸಕ ಅಪರೂಪ, ಮತ್ತು ಆ ಲೆಕ್ಕ ಕೊನೆಗೆ ನ್ಯಾಯಮಂಡಳಿಗಳ ಮುಂದೆ ರಾಜ್ಯದ ವಾದವಾಗುತ್ತದೆ.

1983ರಲ್ಲಿ ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಲೋಕೋಪಯೋಗಿ ಮತ್ತು ನೀರಾವರಿ ಖಾತೆ ಅವರ ಕೈಗೆ ಬಂತು. 1987ರಲ್ಲಿ ನೀರಾವರಿಗೆ ಸಾಕಷ್ಟು ಹಣ ಕೊಡಲಿಲ್ಲವೆಂದು ಮಂತ್ರಿಗಿರಿಯನ್ನೇ ಬಿಟ್ಟರು. ಹೆಗಡೆಯವರೊಂದಿಗಿನ ಮೇಲಾಟವೂ ಅದರಲ್ಲಿ ಇತ್ತು ಎಂಬುದು ನಿಜ. ಆದರೂ ಒಂದು ಇಲಾಖೆಯ ಅನುದಾನವನ್ನು ಮುಂದಿಟ್ಟು ಕುರ್ಚಿ ಬಿಟ್ಟವರ ಪಟ್ಟಿ ಕರ್ನಾಟಕದಲ್ಲಿ ಉದ್ದವಿಲ್ಲ.

ಅದೇ ಸಂಪುಟದಲ್ಲಿ ಇನ್ನೊಬ್ಬರಿದ್ದರು, ಅಬ್ದುಲ್ ನಜೀರ್ ಸಾಬ್. ಹಳ್ಳಿಹಳ್ಳಿಗೆ ಕೊಳವೆಬಾವಿ ಕೊರೆಸಿ ಜನರಿಂದ ‘ನೀರ್ ಸಾಬ್’ ಎನ್ನಿಸಿಕೊಂಡವರು. ಇಬ್ಬರೂ ನೀರಿನ ಮಂತ್ರಿಗಳೇ. ನಜೀರ್ ಸಾಬ್ ನೀರು ಕೊಟ್ಟು ಸುಮ್ಮನಾಗದೆ, ಅದರ ಮೇಲಿನ ಅಧಿಕಾರವನ್ನು ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ದಾಟಿಸಲು ಕಾನೂನು ಮಾಡಿಸಿದರು. 1987ರಲ್ಲಿ ಚುನಾವಣೆ ನಡೆದು ಅವು ಜೀವ ತಳೆದವು. ಗೌಡರ ನೀರಾವರಿ ಇಲಾಖೆ ಮುಖ್ಯ ಇಂಜಿನಿಯರರ ಇಲಾಖೆಯಾಗಿಯೇ ಉಳಿಯಿತು. ಅಣೆಕಟ್ಟು ಏಳಬೇಕು, ನಾಲೆ ಮುಂದುವರಿಯಬೇಕು, ರಾಜ್ಯದ ಪಾಲು ಸಿಗಬೇಕು. ಇಷ್ಟರಲ್ಲಿ ಅವರ ಹಟ ಅಸಾಧಾರಣ. ಆದರೆ ನಾಲೆಯ ಕೀಲಿ ಯಾರ ಕೈಯಲ್ಲಿರಬೇಕು, ಕೊನೆ ತೂಬಿನ ರೈತ ಯಾರನ್ನು ಕೇಳಬೇಕು ಎಂಬ ಪ್ರಶ್ನೆಗೆ ಅವರು ಅಷ್ಟೇ ಹಟದಿಂದ ಉತ್ತರ ಹುಡುಕಿದ್ದು ಕಾಣುವುದಿಲ್ಲ.

1994ರ ಡಿಸೆಂಬರಿನಲ್ಲಿ ಮುಖ್ಯಮಂತ್ರಿಯಾದ ಮೇಲಿನ ಒಂದೂವರೆ ವರ್ಷದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಹುಬ್ಬಳ್ಳಿಯ ಈದ್ಗಾ ಮೈದಾನದ ಧ್ವಜಾರೋಹಣದ ಕಗ್ಗಂಟನ್ನು ಸದ್ದಿಲ್ಲದೆ ಬಿಡಿಸಿದ್ದು ಅವರ ತಾಳ್ಮೆಗೆ ಸಾಕ್ಷಿ. ಬೆಂಗಳೂರು-ಮೈಸೂರು ಕಾರಿಡಾರಿನ ವಿಷಯ ಮಾತ್ರ ತೊಡಕಿನದು. 1995ರ ಮೊದಲ ಒಡಂಬಡಿಕೆ ಅವರ ಆಡಳಿತದಲ್ಲೇ ಆಯಿತು. ಮುಂದೆ ಆ ಯೋಜನೆಯ ಅತಿ ದೊಡ್ಡ ವಿರೋಧಿಯೂ ಅವರೇ ಆದರು. ರಸ್ತೆಗೆ ಬೇಕಾದ್ದಕ್ಕಿಂತ ಹೆಚ್ಚು ರೈತರ ಜಮೀನು ಹೋಗುತ್ತಿದೆ ಎಂಬುದು ಅವರ ಆಕ್ಷೇಪ. 2006ರಲ್ಲಿ ಸುಪ್ರೀಂ ಕೋರ್ಟ್ ಯೋಜನೆಯನ್ನು ಎತ್ತಿಹಿಡಿಯಿತು. 2016ರಲ್ಲಿ ವಿಧಾನಮಂಡಲದ ಸದನ ಸಮಿತಿ ಹೆಚ್ಚುವರಿ ಜಮೀನಿನ ಆಕ್ಷೇಪದಲ್ಲಿ ಹುರುಳಿದೆ ಎಂದಿತು. ಆಕ್ಷೇಪದಲ್ಲಿ ಸತ್ಯವಿತ್ತೆಂದೇ ಇಟ್ಟುಕೊಳ್ಳೋಣ. ನಕ್ಷೆ ಓದಬಲ್ಲವರು ಅದನ್ನು ಸಹಿಗೆ ಮೊದಲು ಓದಬೇಕಿತ್ತು ಎಂಬ ಮಾತನ್ನೂ ಹೇಳಲೇಬೇಕು.

ಅವರ ಕಲಿಕೆ ತನ್ನ ಪೂರ್ಣ ಎತ್ತರಕ್ಕೆ ನಿಂತದ್ದು ದೆಹಲಿಯಲ್ಲಿ. ಪ್ರಧಾನಿಯಾಗಿ ಇದ್ದದ್ದು 1996ರ ಜೂನ್ 1ರಿಂದ 1997ರ ಏಪ್ರಿಲ್ 21ರವರೆಗೆ, ಹನ್ನೊಂದು ತಿಂಗಳೂ ತುಂಬಿರಲಿಲ್ಲ. ಆ ಅವಧಿಯಲ್ಲಿ, 1996ರ ಡಿಸೆಂಬರ್ 12ರಂದು, ಬಾಂಗ್ಲಾದೇಶದ ಶೇಖ್ ಹಸೀನಾ ಅವರೊಂದಿಗೆ ಗಂಗಾ ನೀರು ಹಂಚಿಕೆಯ 30 ವರ್ಷಗಳ ಒಪ್ಪಂದಕ್ಕೆ ಸಹಿ ಹಾಕಿದರು. ಪಶ್ಚಿಮ ಬಂಗಾಳದ ಜ್ಯೋತಿ ಬಸು ಒಪ್ಪದಿದ್ದರೆ ಅದು ಆಗುತ್ತಿರಲಿಲ್ಲ, ವಿದೇಶಾಂಗ ಸಚಿವ ಗುಜ್ರಾಲರ ಪಾತ್ರವೂ ದೊಡ್ಡದು. ಆದರೆ ಒಪ್ಪಂದದ ಒಳಗನ್ನು ಓದಿದರೆ ನೀರಿನ ಲೆಕ್ಕ ಬಲ್ಲ ಪ್ರಧಾನಿ ಇಂಥದ್ದಕ್ಕೆ ಯಾಕೆ ಧೈರ್ಯವಾಗಿ ಸಹಿ ಹಾಕಿದರು ಎಂಬುದು ತಿಳಿಯುತ್ತದೆ.

ಜನವರಿ 1ರಿಂದ ಮೇ 31ರವರೆಗಿನ ನೀರಿನ ಕೊರತೆಯ ಕಾಲವನ್ನು ಹತ್ತತ್ತು ದಿನಗಳ ತುಂಡುಗಳಾಗಿ ಕತ್ತರಿಸಲಾಗಿದೆ. ಗಂಗೆಯ ಫರಕ್ಕಾ ಬ್ಯಾರೇಜಿನಲ್ಲಿ ಹರಿವು 70,000 ಕ್ಯುಸೆಕ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಇಬ್ಬರಿಗೂ ಸಮಪಾಲು. 70,000ದಿಂದ 75,000ದ ನಡುವೆ ಇದ್ದರೆ ಬಾಂಗ್ಲಾಕ್ಕೆ 35,000, ಉಳಿದದ್ದು ಭಾರತಕ್ಕೆ. ಅದಕ್ಕೂ ಮೇಲೇರಿದರೆ ಭಾರತಕ್ಕೆ 40,000, ಉಳಿದದ್ದು ಬಾಂಗ್ಲಾಕ್ಕೆ. ತೀರ ಬಿಗಿಯಾದ ಮಾರ್ಚ್ 11ರಿಂದ ಮೇ 10ರವರೆಗೆ ಒಂದು ಹತ್ತು ದಿನ ಒಬ್ಬರಿಗೆ, ಮುಂದಿನ ಹತ್ತು ದಿನ ಇನ್ನೊಬ್ಬರಿಗೆ 35,000 ಕ್ಯುಸೆಕ್ ಖಾತರಿ. ಹರಿವು 50,000ಕ್ಕಿಂತ ಕೆಳಗಿಳಿದರೆ ತಕ್ಷಣ ಕೂತು ಮಾತಾಡಬೇಕು. ಫರಕ್ಕಾದಲ್ಲೂ ಬಾಂಗ್ಲಾದ ಹಾರ್ಡಿಂಜ್ ಸೇತುವೆಯ ಬಳಿಯೂ ಎರಡೂ ದೇಶದವರು ಸೇರಿ ಅಳತೆ ತೆಗೆಯಬೇಕು. ಇದು ಸೌಹಾರ್ದದ ಘೋಷಣೆಯಲ್ಲ. ಸರದಿಯ ಮೇಲೆ ತೂಬು ಎತ್ತುವ ನಮ್ಮ ನೀರ್ಗಂಟಿಯ ವ್ಯವಸ್ಥೆಯನ್ನು ಎರಡು ದೇಶಗಳ ಅಳತೆಗೆ ಬೆಳೆಸಿದ್ದು. ಕಷ್ಟ ಕಾಲ ಬರುತ್ತದೆ ಎಂದು ಮೊದಲೇ ಒಪ್ಪಿಕೊಂಡು, ಆಗ ಯಾರಿಗೆ ಎಷ್ಟು ಎಂಬುದನ್ನು ನೀರು ತುಂಬಿರುವಾಗಲೇ ಬರೆದಿಟ್ಟದ್ದು. ಒಪ್ಪಂದದ ಬಗ್ಗೆ ಬಾಂಗ್ಲಾದಲ್ಲಿ ದೂರುಗಳಿವೆ, ಬಂಗಾಳದಲ್ಲೂ ಇವೆ. ಆದರೂ 1975ರಲ್ಲಿ ಫರಕ್ಕಾ ಬ್ಯಾರೇಜು ಶುರುವಾದಾಗಿನಿಂದ ಕುದಿಯುತ್ತಿದ್ದ ಜಗಳಕ್ಕೆ ಅದು ಒಂದು ಪಟ್ಟಿ ಕೊಟ್ಟಿತು.

ಅದೇ ವರ್ಷ ಬಂದ ತ್ವರಿತ ನೀರಾವರಿ ಪ್ರಯೋಜನ ಕಾರ್ಯಕ್ರಮದಲ್ಲೂ ಓವರ್‌ಸಿಯರನ ಕಣ್ಣಿದೆ. ಹೊಸ ಅಡಿಗಲ್ಲು ಬೇಡ, ಮುಗಿಯುವ ಹಂತಕ್ಕೆ ಬಂದು ಹಣವಿಲ್ಲದೆ ನಿಂತ ಯೋಜನೆಗಳನ್ನು ಮೊದಲು ಮುಗಿಸೋಣ ಎಂಬುದು ಅದರ ತಿರುಳು. ಒಳ್ಳೆಯ ಯೋಚನೆ. ಮುಂದೆ ಸರ್ಕಾರಗಳು ಹಣವನ್ನು ಹರಡಿ ತೆಳುವಾಗಿಸಿದವು, ಮುಗಿಯದ ಕೆಲಸಗಳ ಬಗ್ಗೆ ಸಿಎಜಿ ಮತ್ತೆ ಮತ್ತೆ ಬರೆಯಿತು. ಆ ಹೊಣೆ ಅವರೊಬ್ಬರದಲ್ಲ. ಅಸ್ಸಾಮಿನ ಬೋಗಿಬೀಲ್ ಸೇತುವೆಗೂ ಹಾಗೆಯೇ ಆಯಿತು: 1997ರ ಜನವರಿಯಲ್ಲಿ ಅವರು ಅಡಿಗಲ್ಲು ಹಾಕಿದರು, ಅದು ಉದ್ಘಾಟನೆಯಾದದ್ದು 2018ರ ಡಿಸೆಂಬರ್ 25ರಂದು.

ಈಗ ಹೇಮಾವತಿಗೆ ಬರೋಣ. ನನ್ನ ತಕರಾರು ಇರುವುದು ಇಲ್ಲಿ.

ಗೊರೂರಿನ ಹೇಮಾವತಿ ಅಣೆಕಟ್ಟು 1979ಕ್ಕೆ ಮುಗಿಯಿತು. ಶೆಟ್ಟಿಹಳ್ಳಿಯ ಹಳೆಯ ಚರ್ಚಿನ ಗೋಡೆಗಳು ಇಂದಿಗೂ ಮಳೆಗಾಲದಲ್ಲಿ ಆ ಹಿನ್ನೀರಿನಲ್ಲಿ ಮುಳುಗುತ್ತವೆ. ಮುಳುಗಡೆಯಾದ ಊರುಗಳವರು ಎದ್ದು ಹೋದದ್ದಕ್ಕೆ ಉಳಿದ ಗುರುತು ಅದು. ಎಡದಂಡೆ ನಾಲೆಯ ನೀರು ಹಾಸನ ಜಿಲ್ಲೆ ದಾಟಿ, ಬಾಗೂರು-ನವಿಲೆ ಸುರಂಗದ ಮೂಲಕ ತುಮಕೂರಿನ ಕಡೆಗೆ ಹೋಗಬೇಕು. ಹಂಚಿಕೆ ಕಾಗದದಲ್ಲಿದೆ. ನೀರು ಬಿಡುವ ತೀರ್ಮಾನ ಮಾತ್ರ ಹಂಗಾಮಿಗೊಮ್ಮೆ, ಸಚಿವರು ಕೂತ ನೀರಾವರಿ ಸಲಹಾ ಸಮಿತಿಯಲ್ಲಿ. ಜಲಾಶಯ ತುಂಬಿದ ವರ್ಷ ಯಾರಿಗೂ ತಕರಾರಿಲ್ಲ. ಕೊರತೆಯ ವರ್ಷ ಮೇಲಿನ ಜಿಲ್ಲೆಯವರ ಮಾತು ನಡೆಯುತ್ತದೆ, ಕೆಳಗಿನವರ ಕೆರೆ ಒಣಗುತ್ತದೆ. ತುಮಕೂರಿನವರು ಇದನ್ನು ವರ್ಷಗಟ್ಟಲೆ ಹೇಳಿದರು. 2019ರ ಲೋಕಸಭಾ ಚುನಾವಣೆಯಲ್ಲಿ ಗೌಡರು ಹಾಸನವನ್ನು ಮೊಮ್ಮಗನಿಗೆ ಬಿಟ್ಟುಕೊಟ್ಟು ತುಮಕೂರಿಗೆ ಬಂದಾಗ, ಹೇಮಾವತಿ ನೀರು ತಡೆದವರು ಎಂಬ ಆರೋಪವೇ ಅವರ ಎದುರು ನಿಂತಿತು. ಜಿ.ಎಸ್. ಬಸವರಾಜು ಗೆದ್ದರು. ಆರೋಪ ಎಷ್ಟು ನಿಜ, ಎಷ್ಟು ಚುನಾವಣೆಯ ಮಾತು ಎಂಬುದು ಬೇರೆ. ರಾಜ್ಯದ ನೀರಿಗಾಗಿ ಜೀವಮಾನವಿಡೀ ಹೊಡೆದಾಡಿದ ಮಾಜಿ ಪ್ರಧಾನಿಯ ಮೇಲೆ ಪಕ್ಕದ ಜಿಲ್ಲೆಯ ರೈತ ಅಂಥ ಆರೋಪವನ್ನು ನಂಬುವ ಸ್ಥಿತಿ ಬಂದದ್ದೇ ಒಂದು ಸೋಲು, ಮತಗಳ ಅಂತರಕ್ಕಿಂತ ದೊಡ್ಡದು.

ಫರಕ್ಕಾಕ್ಕೆ ಹತ್ತು ದಿನಗಳ ಪಟ್ಟಿಗೆ ಸಹಿ ಹಾಕಿದವರು ಗೊರೂರಿಗೆ ಅಂಥದೊಂದು ಪಟ್ಟಿ ಯಾಕೆ ಬರೆಸಲಿಲ್ಲ? ಕಾವೇರಿಯಲ್ಲಿ ಕರ್ನಾಟಕದ ಮುಖ್ಯ ಬೇಡಿಕೆಯೇ ಸಂಕಷ್ಟ ಸೂತ್ರ. 1991ರ ಮಧ್ಯಂತರ ಆದೇಶ 205 ಟಿಎಂಸಿ ಬಿಡಿ ಎಂದಾಗ, 2007ರ ಅಂತಿಮ ತೀರ್ಪು 192 ಎಂದಾಗ, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು 177.25ಕ್ಕೆ ಇಳಿಸಿದಾಗ, ಪ್ರತಿ ಸಲವೂ ನಾವು ಕೇಳಿದ್ದು ಒಂದೇ: ಮಳೆ ಬಾರದ ವರ್ಷ ಹೇಗೆ ಹಂಚಬೇಕು, ಸ್ಪಷ್ಟವಾಗಿ ಹೇಳಿ. ಗೌಡರು 83ನೇ ವಯಸ್ಸಿನಲ್ಲಿ, 2016ರ ಅಕ್ಟೋಬರ್ 1ರಂದು, ವಿಧಾನಸೌಧದ ಗಾಂಧಿ ಪ್ರತಿಮೆಯ ಬಳಿ ಉಪವಾಸ ಕೂತದ್ದೂ ಕೊರತೆಯ ವರ್ಷದಲ್ಲಿ ನೀರು ಬಿಡಬೇಕೆಂಬ ಆದೇಶದ ವಿರುದ್ಧವೇ. ಅವರ ಕಳಕಳಿಯನ್ನು ಅನುಮಾನಿಸುವವರಲ್ಲಿ ನಾನಿಲ್ಲ. ಆದರೆ ತಮಿಳುನಾಡಿನೊಂದಿಗೆ ಬೇಕೆಂದು ಕೇಳುವ ಸೂತ್ರವನ್ನು ಹಾಸನಕ್ಕೂ ತುಮಕೂರಿಗೂ ನಡುವೆ ನಾವು ಕಟ್ಟಿಕೊಳ್ಳಲಿಲ್ಲ. ಅದಕ್ಕೆ ನ್ಯಾಯಮಂಡಳಿ ಬೇಕಿರಲಿಲ್ಲ, ದೆಹಲಿಯ ಒಪ್ಪಿಗೆ ಬೇಕಿರಲಿಲ್ಲ. ಆ ಲೆಕ್ಕವನ್ನು ಹಾಕಿ, ತನ್ನ ಜಿಲ್ಲೆಯ ಜನರನ್ನು ಒಪ್ಪಿಸುವ ಶಕ್ತಿ ರಾಜ್ಯದಲ್ಲಿ ಯಾರಿಗಾದರೂ ಇದ್ದಿದ್ದರೆ ಅವರೊಬ್ಬರಿಗೇ ಇತ್ತು.

ಕುಟುಂಬದ ಪ್ರಶ್ನೆ ಬರುವುದೂ ಇಲ್ಲೇ. ಮಗ ರೇವಣ್ಣನವರು ಲೋಕೋಪಯೋಗಿ ಮಂತ್ರಿಯಾದರು, ಹಾಸನದ ರಸ್ತೆಗಳು ಚೆನ್ನಾದವು, ಅದನ್ನು ಅಲ್ಲಗಳೆಯಬೇಕಿಲ್ಲ. ಆದರೆ ಇಲಾಖೆಯ ಮೇಲಿನ ಹಿಡಿತ ಒಂದು ಮನೆಯ ಸೊತ್ತಿನಂತೆ ಕಾಣತೊಡಗಿದಾಗ ಪಕ್ಕದ ಜಿಲ್ಲೆಯವನಿಗೆ ಸರ್ಕಾರದ ಮಾತಿನಲ್ಲಿ ನಂಬಿಕೆ ಉಳಿಯುವುದಿಲ್ಲ. ನಂಬಿಕೆಯಿಲ್ಲದ ಕಡೆ ಯಾವ ಸರದಿಯೂ ನಡೆಯುವುದಿಲ್ಲ; ಪ್ರತಿಯೊಬ್ಬನೂ ರಾತ್ರಿ ಹೋಗಿ ತೂಬು ಎತ್ತುತ್ತಾನೆ.

ಅವರ ನಂತರ ಬಂದ ಇಂಜಿನಿಯರ್-ರಾಜಕಾರಣಿಗಳೂ ಈ ಕೆಲಸ ಮುಟ್ಟಲಿಲ್ಲ. ಮೆಕ್ಯಾನಿಕಲ್ ಇಂಜಿನಿಯರ್ ಬಸವರಾಜ ಬೊಮ್ಮಾಯಿ ಜಲಸಂಪನ್ಮೂಲ ಮಂತ್ರಿಯಾಗಿದ್ದರು, ಮುಖ್ಯಮಂತ್ರಿಯೂ ಆದರು. ಜಗಳ ಮಾತ್ರ ಇನ್ನೂ ಕೆಳಗಿಳಿದಿದೆ. ಹೇಮಾವತಿ ನೀರನ್ನು ಕುಣಿಗಲ್, ಮಾಗಡಿ ಕಡೆಗೆ ನೇರವಾಗಿ ಒಯ್ಯುವ ಲಿಂಕ್ ಕಾಲುವೆಯನ್ನು ತುಮಕೂರು ಜಿಲ್ಲೆಯ ರೈತರೇ ಬೀದಿಗಿಳಿದು ವಿರೋಧಿಸಿದ್ದಾರೆ. ಹಾಸನದ ಮೇಲೆ ಅವರಿಗಿದ್ದ ದೂರು ಈಗ ಅವರ ಮೇಲೆಯೇ ಬಂದಿದೆ.

ಗಂಗಾ ಒಪ್ಪಂದದ 30 ವರ್ಷಗಳ ಅವಧಿ 2026ರ ಡಿಸೆಂಬರಿಗೆ ಮುಗಿಯುತ್ತದೆ. ದೆಹಲಿಯೂ ಢಾಕಾವೂ ಆ ಪಟ್ಟಿಯನ್ನು ಮತ್ತೆ ಬಿಡಿಸಿ ಕೂರಲೇಬೇಕು. ಹಾಸನ, ತುಮಕೂರು, ಮಂಡ್ಯ, ರಾಮನಗರದ ಶಾಸಕರೂ ಅದರ ಒಂದು ಪ್ರತಿ ತರಿಸಿಕೊಂಡು ಓದಲಿ. ಗೊರೂರಿನ ಒಳಹರಿವು ಇಷ್ಟಿದ್ದರೆ ಯಾವ ನಾಲೆಗೆ ಎಷ್ಟು, ಅರ್ಧಕ್ಕಿಳಿದರೆ ಎಷ್ಟು, ಹತ್ತು ದಿನಕ್ಕೊಮ್ಮೆ ಅಳೆಯುವವರು ಯಾರು ಎಂಬುದನ್ನು ಬರೆದು, ಮುಂದಿನ ಮುಂಗಾರಿಗೆ ಮೊದಲು ವಿಧಾನಸಭೆಯ ಮುಂದೆ ಇಡಲಿ.