ಸ್ಫಟಿಕಗರ್ಭದ ಅಕ್ಷರಗಳು: ಸ್ಕಾಟ್ಲೆಂಡಿನ ಪೇಪರ್‌ವೇಟ್ ಪರಂಪರೆ

ಗಾಳಿಗೆ ಹಾರುವ ಕಾಗದಗಳನ್ನು ಅದುಮಿಡುವುದಕ್ಕೆಂದು ಹುಟ್ಟಿ, ಆ ಉದ್ಯೋಗದಿಂದ ಬಹುಬೇಗ ನಿವೃತ್ತಿಹೊಂದಿ, ಕೇವಲ ಕಣ್ಣಿನ ಸುಖಕ್ಕಾಗಿ ಉಳಿದುಕೊಂಡ ವಸ್ತು ಗಾಜಿನ ಪೇಪರ್‌ವೇಟು. ಕಿಟಕಿಗಳನ್ನು ವರ್ಷದ ಬಹುಪಾಲು ಮುಚ್ಚಿಯೇ ಇಡುವ ಶೀತದೇಶವೊಂದರಲ್ಲಿ ಅದರ ಉತ್ತಮ ಸಂಪ್ರದಾಯವೊಂದು ಬೆಳೆದುದು ವಿನೋದವೇ ಸರಿ. ಈ ಕಲೆಗೆ ಪ್ರಮಾಣವೆನಿಸಿರುವುವು 1845ರಿಂದ ಮುಂದಿನ ಹತ್ತು ಹದಿನೈದು ವರ್ಷಗಳಲ್ಲಿ ಫ್ರಾನ್ಸಿನ ಬಕರಾ, ಸೇಂಟ್ ಲೂಯಿ, ಕ್ಲಿಶಿ ಕಾರ್ಖಾನೆಗಳಲ್ಲಿ ಸಿದ್ಧವಾದ ಗುಂಡುಗಳು. ಸ್ಕಾಟಿಷ್ ಗುಂಡುಗಳನ್ನು ಅವುಗಳ ಪಕ್ಕದಲ್ಲಿಟ್ಟು, ನಯದಲ್ಲಿ ಕಡಮೆಯೆಂದು ತೀರ್ಪು ಕೊಡುವುದು ಸುಲಭ. ಆದರೆ ಆ ತಕ್ಕಡಿಯೇ ತಪ್ಪೆಂದು ನನಗೆ ತೋರುತ್ತದೆ.

ಈ ಪರಂಪರೆಯ ಮೂಲಪುರುಷನಾದ ಪಾಲ್ ಈಸಾರ್ಟ್ ಸ್ಕಾಟ್ಲೆಂಡಿನವನಲ್ಲ. 1904ರಲ್ಲಿ ಬಾರ್ಸಿಲೋನಾದಲ್ಲಿ ಹುಟ್ಟಿದವನು. ಅವನ ತಂದೆ ಸಾಲ್ವಡಾರ್ 1922ರಲ್ಲಿ ಮಕ್ಕಳೊಡನೆ ಸೇರಿದ ಪರ್ತ್ ನಗರದ ಮಾಂಕ್ರೀಫ್ ಕಾರ್ಖಾನೆಯು ಉಗಿಯಂತ್ರದ ಬಾಯ್ಲರುಗಳಲ್ಲಿ ನೀರಿನ ಮಟ್ಟವನ್ನು ತೋರುವ ನಳಿಕೆಗಳನ್ನೂ ಪ್ರಯೋಗಶಾಲೆಯ ಪಾತ್ರೆಗಳನ್ನೂ ಮಾಡುತ್ತಿದ್ದ, ಸೌಂದರ್ಯದ ಗೊಡವೆಯೇ ಇಲ್ಲದ ಸ್ಥಳ. ಅಲ್ಲಿಯೇ 1924ರಲ್ಲಿ ಒಡೆಯನ ಮತ್ತು ಕೆಲಸಗಾರನ ಹೆಸರುಗಳ ತುಣುಕುಗಳನ್ನು ಕೂಡಿಸಿದ ‘ಮೊನಾರ್ಟ್’ ಎಂಬ ಬಣ್ಣದ ಗಾಜು ಹುಟ್ಟಿತು; ಮುಂದಿನ ದಶಕದಲ್ಲಿ ಪಾಲ್ ಗುಂಡುಗಳತ್ತ ತಿರುಗಿದನು.

ಕೆಲಸದ ಕ್ರಮವನ್ನರಿಯದೆ ಇಲ್ಲಿ ಗುಣದೋಷಗಳನ್ನು ಹೇಳಲಾಗದು. ಕಾದು ಜೇನಿನಂತಾದ ಬಣ್ಣಬಣ್ಣದ ಗಾಜನ್ನು ಪದರಪದರವಾಗಿ ಸುತ್ತಿ, ಅಚ್ಚಿನಲ್ಲಿ ಒತ್ತಿ, ಇಬ್ಬರು ಎರಡು ತುದಿಗಳನ್ನು ಹಿಡಿದು ಹಿಂದೆ ಹಿಂದೆ ನಡೆದರೆಂದರೆ, ಆ ಮುದ್ದೆಯು ಪೆನ್ಸಿಲಿಗಿಂತ ಸಣ್ಣದಾದ ಕಡ್ಡಿಯಾಗುತ್ತದೆ; ಆದರೂ ಅದರ ಅಡ್ಡಕೊಯ್ತದಲ್ಲಿ ಮೊದಲಿನ ನಕ್ಷತ್ರವೋ ಹೂವೋ ಅಕ್ಷರವೋ ಕುಗ್ಗಿ, ಕೆಡದೆ ಉಳಿದಿರುತ್ತದೆ. ಅದನ್ನು ಬಿಲ್ಲೆಗಳಾಗಿ ತುಂಡರಿಸಿ, ಜೋಡಿಸಿ, ಬಿಸಿಮಾಡಿ, ಸಲಾಕೆಯ ತುದಿಯ ಕೆಂಡದಂಥ ಗಾಜಿಗೆ ಅಂಟಿಸಿ ಎತ್ತಿಕೊಂಡು, ತಿಳಿಗಾಜನ್ನು ಹೊದಿಸಿ, ನೀರಿನಲ್ಲಿ ನೆನೆಸಿದ ಮರದ ಬಟ್ಟಲಿನಲ್ಲಿ ಉರುಳಿಸಬೇಕು. ಒಳಗಿನದೂ ಹೊರಗಿನದೂ ತಣಿಯುವಾಗ ಒಂದೇ ಪ್ರಮಾಣದಲ್ಲಿ ಕುಗ್ಗದಿದ್ದರೆ ಬಿರುಕು ನಿಶ್ಚಯ. ಒಮ್ಮೆ ಹೊದಿಸಿದ ಮೇಲೆ ಚಿಟ್ಟೆಯ ಮೀಸೆಯನ್ನು ತಿದ್ದುವುದಕ್ಕೆ ಬ್ರಹ್ಮನಿಗೂ ಸಾಧ್ಯವಿಲ್ಲ.

ಈಸಾರ್ಟನ ಚಿಟ್ಟೆಗಳೂ ಮೀನುಗಳೂ ಹೂಗೊಂಚಲುಗಳೂ ಗಾಢವರ್ಣದ ನೆಲದ ಮೇಲೆ, ಬಿಲ್ಲೆಗಳ ವರ್ತುಲದ ನಡುವೆ ನಿಲ್ಲುತ್ತವೆ. ಫ್ರೆಂಚರ ದಳಗಳ ಸೂಕ್ಷ್ಮತೆ ಅಲ್ಲಿಲ್ಲ; ನಿಜ. ಆದರೆ ಫ್ರೆಂಚ್ ಗುಂಡಿನೊಳಗೆ ಅಡಗಿದ ಅಕ್ಷರವನ್ನು ನೋಡಿರಿ: ‘ಬಿ’ ಎಂದರೆ ಬಕರಾ, ‘ಸಿ’ ಎಂದರೆ ಕ್ಲಿಶಿ, ಅದು ಕಾರ್ಖಾನೆಯ ಮುದ್ರೆ, ಮಾಡಿದವನು ಅನಾಮಧೇಯ. ಈಸಾರ್ಟನ ಗುಂಡುಗಳಲ್ಲಿ ಕಾಣುವುದಾದರೋ ‘ಪಿವೈ’, ಸಂಬಳಕ್ಕೆ ದುಡಿಯುವ ಒಬ್ಬ ಮನುಷ್ಯನ ಹೆಸರು. ಈ ಪಂಥದ ನಿಜವಾದ ಹೊಸತನವನ್ನು ನಾನು ಕಾಣುವುದು ಆ ಎರಡಕ್ಷರಗಳಲ್ಲಿ.

1963ರಲ್ಲಿ ಅವನು ಉತ್ತರದ ವಿಕ್ ಪಟ್ಟಣದ ಕೇತ್ನೆಸ್ ಗಾಜಿನ ಕಾರ್ಖಾನೆಗೆ ಶಿಕ್ಷಕನಾಗಿ ಹೋದನು. 1969ರಲ್ಲಿ ಅಲ್ಲಿಂದ ಹೊರಬಿದ್ದ, ಕಾಲಿನ್ ಟೆರಿಸ್ ಕಲ್ಪಿಸಿದ ‘ಗ್ರಹ’ಗಳ ಗುಂಡುಗಳು ಹೂವು ಚಿಟ್ಟೆಗಳನ್ನು ತೊರೆದು, ಬಣ್ಣ ಗುಳ್ಳೆಗಳ ಚಲನೆಯನ್ನೇ ವಸ್ತುವನ್ನಾಗಿ ಮಾಡಿಕೊಂಡವು, ಅದು ಸಾಹಸವೇ. ಆದರೆ ರೂಪಿಸುವ ತಲೆ ಒಂದು, ಕಾಯಿಸುವ ಕೈ ಇನ್ನೊಂದು ಎಂಬ ವಿಭಾಗವೂ ಅದರೊಡನೆ ಸ್ಥಿರವಾಯಿತು. ಅತ್ತ ಕ್ರೀಫ್ ಊರಿನಲ್ಲಿ ಸ್ಟೂಅರ್ಟ್ ಡ್ರೈಸ್‌ಡೇಲ್ 1968ರಲ್ಲಿ ಸ್ಥಾಪಿಸಿದ ಪರ್ತ್‌ಷೈರ್ ಸಂಸ್ಥೆಯು ಹಳೆಯ ಫ್ರೆಂಚ್ ನಯಕ್ಕೆ ಏರಲು ಶ್ರಮಿಸಿ ಬಹುಮಟ್ಟಿಗೆ ಏರಿತು. ಆದರೆ ಅದರ ಗುಂಡುಗಳೊಳಗಿನ ‘ಪಿ’ ಮರಳಿ ಸಂಸ್ಥೆಯ ಅಕ್ಷರವಾಯಿತು. ಒಂದು ವಿನ್ಯಾಸವನ್ನು ಇಷ್ಟೇ ಸಂಖ್ಯೆಯಲ್ಲಿ ಮಾಡುವೆವೆಂಬ ಸಂಸ್ಥೆಯ ಪ್ರತಿಜ್ಞೆಯನ್ನು, ಕೈಚಳಕಕ್ಕೆ ಸಲ್ಲಬೇಕಾದ ಗೌರವವೆಂದು ಸಂಗ್ರಾಹಕರೂ ಸ್ವೀಕರಿಸಿದರು. 2002ರಲ್ಲಿ ಆ ಕುಲುಮೆ ಆರಿತು.

ವಿಕ್‌ನಲ್ಲಿ ಈಸಾರ್ಟನ ಬಳಿ ಕಲಿತ ವಿಲಿಯಂ ಮ್ಯಾನ್ಸನ್ ಮುಂದೆ ಸ್ವಂತವಾಗಿ ಮಾಡಿದ ಗುಂಡುಗಳನ್ನು ತಿರುಗಿಸಿ ನೋಡಿದರೆ, ಬಿಲ್ಲೆಯೊಂದರಲ್ಲಿ ‘ಡಬ್ಲ್ಯೂಎಂ’ ಎಂದು ಬರೆದಿರುತ್ತದೆ.